ಎಂಟು ಗ್ರಾಂ ಬಾಣಂತಿಗೆ ರಾತ್ರಿಗೆ ಹತ್ತು ಗ್ರಾಂ ಹುಳ

7.9 ಗ್ರಾಂ ತೂಗುವ ತಾಯಿ ಬಾವಲಿ, ಮರಿಗೆ ಹಾಲು ಅತಿ ಹೆಚ್ಚು ಬೇಕಾಗುವ ದಿನಗಳಲ್ಲಿ, ಒಂದೇ ರಾತ್ರಿಗೆ 9.9 ಗ್ರಾಂ ಹುಳುಹುಪ್ಪಟೆ ಹಿಡಿದು ತಿನ್ನಬೇಕು. ಅಂದರೆ ತನ್ನ ಮೈತೂಕದ ಒಂದೂಕಾಲು ಪಟ್ಟು. ಉತ್ತರ ಅಮೆರಿಕದ ಪುಟ್ಟ ಕಂದು ಬಾವಲಿಯ ಮೇಲೆ ಅಲೆನ್ ಕರ್ಟಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಲೆಕ್ಕ ಇದು. ಬಾವಲಿಗಳಿಂದ ರೈತನಿಗೆ ಎಷ್ಟು ಉಪಕಾರ ಎಂದು ಹೇಳುವ ಬರಹಗಳಲ್ಲಿ ಈ ಅಂಕಿ ಮತ್ತೆ ಮತ್ತೆ ಬರುತ್ತದೆ. ತಾಯಿಗೆ ಎಷ್ಟು ಕಷ್ಟ ಎಂಬ ಕಡೆಯಿಂದ ಅದನ್ನು ಓದುವವರು ಕಡಿಮೆ.

ಆ ಕಡೆಯಿಂದ ಓದಿದರೆ ಸಂರಕ್ಷಣೆಯ ಮಾತೇ ತುಸು ಬದಲಾಗುತ್ತದೆ. ಬಾವಲಿ, ಸುಂಡಿಲಿಯಂಥ ಕೀಟಾಹಾರಿ ಪುಟ್ಟ ಸಸ್ತನಿಗಳ ಸಂತತಿ ನಿಲ್ಲುವುದೋ ಬಿಡುವುದೋ ಎಂಬುದು ವರ್ಷದ ಮೂರು ನಾಲ್ಕು ವಾರಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಅದೂ ಬಸಿರಿನಲ್ಲಿ ಅಲ್ಲ, ಬಾಣಂತನದಲ್ಲಿ. ಕೀಟಗಳು ಕಡಿಮೆಯಾಗುತ್ತಿವೆ, ಬೇಸಿಗೆ ಬಿಸಿಯೇರುತ್ತಿದೆ, ಹಳೆಯ ಕಟ್ಟಡಗಳ ಮೇಲೆ ರಾತ್ರಿಯಿಡೀ ಫ್ಲಡ್‌ಲೈಟ್ ಬೀಳುತ್ತಿದೆ. ಈ ಮೂರೂ ಬಂದು ತಾಗುವುದು ಸರಿಯಾಗಿ ಆ ವಾರಗಳಿಗೇ.

ಚಿಕ್ಕ ಮೈಯ ದುಬಾರಿ ಬದುಕು

ಮೈ ಚಿಕ್ಕದಾದಷ್ಟೂ ಪ್ರತಿ ಗ್ರಾಂ ತೂಕಕ್ಕೆ ಬೇಕಾಗುವ ಶಕ್ತಿ ಹೆಚ್ಚು. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ ನಿಯಮದ ಪ್ರಕಾರ ಸಸ್ತನಿಯ ಒಟ್ಟು ಶಕ್ತಿವೆಚ್ಚ ಅದರ ತೂಕದ ಮುಕ್ಕಾಲು ಘಾತಕ್ಕೆ ತಕ್ಕಂತೆ, ಅಂದರೆ ತೂಕ ಏರುವುದಕ್ಕಿಂತ ನಿಧಾನವಾಗಿ, ಏರುತ್ತದೆ. ಇದನ್ನು ಹಿಡಿದು ಲೆಕ್ಕ ಹಾಕಿದರೆ, ಸುಮ್ಮನೆ ಕೂತಿರುವಾಗಲೂ 8 ಗ್ರಾಂ ಪ್ರಾಣಿ ಗ್ರಾಂವೊಂದಕ್ಕೆ 60 ಕಿಲೋ ಮನುಷ್ಯನ ಒಂಬತ್ತು ಪಟ್ಟು ಶಕ್ತಿ ಸುಡುತ್ತದೆ. ಇದು ವಿಶ್ರಾಂತಿಯ ಮಾತು. ಹಾರಾಟ, ಚಳಿ, ಹಾಲು ಎಲ್ಲ ಸೇರಿದ ಮೇಲೆ ಅಂತರ ಎಷ್ಟಾಗುತ್ತದೆ ನೋಡಿ. ಆ 9.9 ಗ್ರಾಂ ಹುಳುಗಳಲ್ಲಿ ಸುಮಾರು 70% ನೀರು. ಉಳಿದ ಮೂರು ಗ್ರಾಂ ಒಣಭಾಗದಲ್ಲಿ ಗ್ರಾಂಗೆ ಸುಮಾರು 23 ಕಿಲೋಜೂಲ್ ಇರುತ್ತದೆ. ಕೀಟದ ಮೇಲ್ಚರ್ಮದ ಕೈಟಿನ್ ಅಷ್ಟಾಗಿ ಜೀರ್ಣವಾಗದೆ ಹಿಕ್ಕೆಯಲ್ಲಿ ಹೋಗುವುದರಿಂದ ಮೈಗೆ ದಕ್ಕುವುದು ಹೆಚ್ಚುಕಡಿಮೆ 60 ಕಿಲೋಜೂಲ್, ಅಂದರೆ 14 ಕಿಲೋಕ್ಯಾಲರಿ. ಅಂಕಿ ಸಣ್ಣದಾಗಿ ಕಾಣುತ್ತದೆ. ಆದರೆ ತೂಕಕ್ಕೆ ಹೋಲಿಸಿದರೆ ದಿನಕ್ಕೆ 2,000 ಕಿಲೋಕ್ಯಾಲರಿ ತಿನ್ನುವ 60 ಕಿಲೋ ಮನುಷ್ಯನ ಐವತ್ತು ಪಟ್ಟನ್ನೂ ಮೀರುತ್ತದೆ.

ಸುಂಡಿಲಿಗಳ ಲೋಕದಲ್ಲಿ ಇನ್ನೊಂದು ಒಡಕು ಇದೆ. ಯುರೋಪು ಮತ್ತು ಉತ್ತರ ಏಷ್ಯಾದ ಕೆಂಪುಹಲ್ಲಿನ ಸುಂಡಿಲಿಗಳು ತಮ್ಮ ಗಾತ್ರಕ್ಕೆ ನಿಯಮ ಹೇಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಸುಡುತ್ತವೆ. ಕೆಲವು ಗಂಟೆ ಉಪವಾಸ ಬಿದ್ದರೆ ಸಾಯುತ್ತವೆ. ಮೈ ತಣ್ಣಗಾಗಿಸಿ ಶಕ್ತಿ ಉಳಿಸುವ ಜಡನಿದ್ದೆಗೆ ಜಾರುವ ಉಪಾಯ ಅವಕ್ಕಿಲ್ಲ. ಉಷ್ಣವಲಯದಿಂದ ಹರಡಿದ ಬಿಳಿಹಲ್ಲಿನ ಗುಂಪು ಹಾಗಲ್ಲ. ಅವುಗಳ ಮೈಬಿಸಿ ತುಸು ಕಡಿಮೆ, ಆಹಾರ ಸಿಗದ ಹೊತ್ತಿನಲ್ಲಿ ಮೈ ತಣ್ಣಗಾಗಿಸಿಕೊಂಡು ಕೆಲವು ಗಂಟೆ ಕಳೆಯಬಲ್ಲವು. ನಮ್ಮ ಮನೆಗಳ ಬಚ್ಚಲು, ಅಡುಗೆಮನೆ ಮೂಲೆಗಳಲ್ಲಿ ಚೀಂ ಚೀಂ ಎನ್ನುತ್ತ ಓಡುವ, ಕಸ್ತೂರಿಯಂಥ ಕಟುವಾಸನೆಯ ಸುಂಡಿಲಿ ಈ ಎರಡನೇ ಗುಂಪಿನದು. ಜನ ಅದನ್ನು ಇಲಿ ಎಂದುಕೊಂಡು ಇಲಿಪಾಷಾಣ ಇಡುತ್ತಾರೆ. ಅದು ತಿನ್ನುವುದು ಮುಖ್ಯವಾಗಿ ಜಿರಳೆ, ಮಿಡತೆ, ಎರೆಹುಳ. ಬಿಳಿಹಲ್ಲಿನ ಗುಂಪಿನಲ್ಲೇ ಬರುವ ಎಟ್ರಸ್ಕನ್ ಸುಂಡಿಲಿಯ ತೂಕ ಸುಮಾರು 2 ಗ್ರಾಂ, ಹೃದಯ ನಿಮಿಷಕ್ಕೆ 1,500ರವರೆಗೆ ಬಡಿಯುತ್ತದೆ.

ಬಸಿರು ಅಗ್ಗ, ಹಾಲು ದುಬಾರಿ

ಹೊಟ್ಟೆಯಲ್ಲಿ ಮರಿ ಹೊರುವುದೇ ದೊಡ್ಡ ಖರ್ಚು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಪುಟ್ಟ ಕಂದು ಬಾವಲಿಯ ಮರಿ ಹುಟ್ಟುವಾಗಲೇ ಸುಮಾರು 2 ಗ್ರಾಂ ಇರುತ್ತದೆ, ಅಂದರೆ ತಾಯಿಯ ತೂಕದ ಕಾಲು ಭಾಗ. ಅಷ್ಟು ಭಾರ ಹೊತ್ತು ಹಾರುವುದು ಸುಲಭವೇನಲ್ಲ. ಆದರೆ ಶಕ್ತಿಯ ಲೆಕ್ಕದಲ್ಲಿ ನವಜಾತ ಮರಿ ಎಂದರೆ ಬಹುಪಾಲು ನೀರು. ಅದರ ಮೈಯಲ್ಲಿ ಗ್ರಾಂಗೆ ಹೆಚ್ಚೆಂದರೆ 4 ಕಿಲೋಜೂಲ್ ಸಿಗಬಹುದು, ಎರಡು ಗ್ರಾಂಗೆ 8 ಕಿಲೋಜೂಲ್. ಗರ್ಭಕೋಶ, ಮಾಸು, ಅದನ್ನೆಲ್ಲ ಬೆಳೆಸುವ ಶ್ರಮ ಸೇರಿಸಿ ನಾಲ್ಕೈದು ಪಟ್ಟು ಮಾಡಿದರೂ 50ರಿಂದ 60 ದಿನಗಳ ಬಸಿರಿಗೆ ಹಂಚಿ ಹೋಗುವ ಆ ಮೊತ್ತ ದಿನಕ್ಕೆ ಒಂದು ಕಿಲೋಜೂಲ್ ಮುಟ್ಟುವುದಿಲ್ಲ.

ಹಾಲಿನ ವಿಷಯ ಬೇರೆ. ಬಾವಲಿ ಮರಿ ಹಾರಲು ಕಲಿಯುವ ಮುಂಚೆ ಅದರ ಎಲುಬುಗಳು ದೊಡ್ಡವುಗಳ ಅಳತೆಯ ಹತ್ತಿರ ಹತ್ತಿರ 90 ಭಾಗ, ತೂಕ 70 ಭಾಗ ಮುಟ್ಟಿರಬೇಕು. ಅರ್ಧ ಬೆಳೆದ ರೆಕ್ಕೆಯಲ್ಲಿ ಹಾರಿ ಹುಳ ಹಿಡಿಯಲು ಬರುವುದಿಲ್ಲ. ಇಲಿಯ ಮರಿ ತಾಯಿಯ ಕಾಲು ಭಾಗದಷ್ಟು ಬೆಳೆದಾಗಲೇ ಕಾಳು ಕಡಿಯುತ್ತದೆ, ಬಾವಲಿ ಮರಿಗೆ ಆ ಸೌಲಭ್ಯ ಇಲ್ಲ. ಮೂರು ವಾರಗಳಲ್ಲಿ ಆ ಇಡೀ ಬೆಳವಣಿಗೆ ತಾಯಿಯ ಹಾಲಿನಿಂದಲೇ ಆಗಬೇಕು. ಮೆಕ್ಸಿಕೊ ಮತ್ತು ಟೆಕ್ಸಾಸ್‌ನ ಗುಹೆಗಳಲ್ಲಿ ಲಕ್ಷಗಟ್ಟಲೆ ಸೇರುವ ಬಾಲಬಿಟ್ಟ ಬಾವಲಿಗಳ ಹಾಲಿನಲ್ಲಿ ಕಾಲು ಭಾಗದಷ್ಟು ಕೊಬ್ಬೇ ಇರುತ್ತದೆ. ಡೇರಿಗೆ ಹಾಕುವ ಎಮ್ಮೆ ಹಾಲಿನಲ್ಲಿ ಇರುವುದು ಆರೇಳು ಭಾಗ. ಹಾಲು ಅಷ್ಟು ಗಟ್ಟಿ ಇರುವುದಕ್ಕೆ ಕಾರಣ ಸರಳ: ಹಾರುವ ತಾಯಿಗೆ ನೀರನ್ನು ಹೊತ್ತು ತಿರುಗುವುದು ನಷ್ಟ.

ಸುಂಡಿಲಿಯಲ್ಲಿ ಇದೇ ಕಥೆ ಇನ್ನೂ ತೀವ್ರ. ಯುರೋಪಿನ ಸಾಮಾನ್ಯ ಸುಂಡಿಲಿ ಸುಮಾರು 20 ದಿನ ಬಸಿರು ಹೊತ್ತು, ಅರ್ಧ ಗ್ರಾಂ ತೂಗುವ ಆರೇಳು ಮರಿ ಹಾಕುತ್ತದೆ. ಮೂರು ವಾರ ದಾಟಿ ಅವು ಹಾಲು ಬಿಡುವ ಹೊತ್ತಿಗೆ ಗೂಡಿನಲ್ಲಿರುವ ಮರಿಗಳ ಒಟ್ಟು ತೂಕ ತಾಯಿಯ ಮೂರು ಪಟ್ಟನ್ನೂ ಮೀರಿರುತ್ತದೆ. ಮಿಶೆಲ್ ಜೆನೂ ಮತ್ತು ಪೀಟರ್ ಫೋಗೆಲ್ 1990ರಲ್ಲಿ ಪ್ರಕಟಿಸಿದ ಸುಂಡಿಲಿಗಳ ಅಧ್ಯಯನದಲ್ಲಿ ಖರ್ಚಿನ ಭಾರವೆಲ್ಲ ಹಾಲೂಡಿಕೆಯ ಮೇಲೆ ಬಿದ್ದಿರುವುದು ಸ್ಪಷ್ಟವಾಗಿ ಕಂಡಿತು. ಹಾಲು ಜೋರಾಗಿರುವ ದಿನಗಳಲ್ಲಿ ತಾಯಿಗೆ ಬೇಕಾಗುವ ಶಕ್ತಿ ಮಾಮೂಲಿನ ಎರಡು ಮೂರು ಪಟ್ಟು. ಮಾಮೂಲು ದಿನವೇ ತನ್ನ ತೂಕದಷ್ಟು ತಿನ್ನುವ ಪ್ರಾಣಿಗೆ ಎರಡು ಮೂರು ಪಟ್ಟು ಎಂದರೆ ಏನೆಂದು ಯೋಚಿಸಿ. ಅದು ಮೈಯಲ್ಲಿ ಕೊಬ್ಬು ಕೂಡಿಟ್ಟು ಹೆರುವ ಪ್ರಾಣಿಯಲ್ಲ. ಅಂದಿನ ಹಾಲು ಅಂದಿನ ಬೇಟೆಯಿಂದಲೇ ಬರಬೇಕು.

ಮಡಗಾಸ್ಕರ್‌ನ ಟೆನ್ರೆಕ್ ಎಂಬ ಪುಟ್ಟ ಕೀಟಾಹಾರಿ ಸಸ್ತನಿಗಳು ಇದಕ್ಕೆ ಬೇರೆಯೇ ದಾರಿ ಹಿಡಿದಿವೆ. ಅವುಗಳ ಮೈಬಿಸಿ ತಗ್ಗು, ಏರಿಳಿತ ಜಾಸ್ತಿ, ವಿಶ್ರಾಂತಿಯ ವೆಚ್ಚ ತೀರ ಕಡಿಮೆ. ಆದರೆ ಬಸಿರಾದ ಮೇಲೆ ಮುಳ್ಳಿನ ಪುಟ್ಟ ಟೆನ್ರೆಕ್ ತನ್ನ ಮೈಬಿಸಿಯನ್ನು ಏರಿಸಿ ಸ್ಥಿರವಾಗಿ ಹಿಡಿದುಕೊಳ್ಳುತ್ತದೆ, ವಿಶ್ರಾಂತಿಯ ವೆಚ್ಚವೂ ಗಮನಾರ್ಹವಾಗಿ ಏರುತ್ತದೆ. ಥಾಂಪ್ಸನ್ ಮತ್ತು ನಿಕಾಲ್ 1986ರಲ್ಲಿ ಇದನ್ನು ಎತ್ತಿ ತೋರಿಸಿದರು: ತಳಮಟ್ಟದ ವೆಚ್ಚ ಕಡಿಮೆ ಇರುವ ಪ್ರಾಣಿಗಳು ಹೆರುವ ಕಾಲಕ್ಕೆ ಮಾತ್ರ ಅದನ್ನು ಮೇಲಕ್ಕೆತ್ತುತ್ತವೆ. ಭ್ರೂಣ ಬೆಚ್ಚಗಿದ್ದರೆ ಬೇಗ ಬೆಳೆಯುತ್ತದೆ. ಸಂತಾನದ ಖರ್ಚು ಎಂದರೆ ಭ್ರೂಣ ಮತ್ತು ಹಾಲು ಮಾತ್ರ ಅಲ್ಲ, ತಾಯಿ ತನ್ನ ಮೈಯನ್ನು ಬಿಸಿಯಾಗಿಟ್ಟುಕೊಳ್ಳುವ ಖರ್ಚೂ ಅದರಲ್ಲಿ ಸೇರುತ್ತದೆ ಎಂಬುದು ಅಲ್ಲಿಂದ ತಿಳಿದದ್ದು.

ಜಡನಿದ್ದೆ ಎಂಬ ಸಾಲ

ಬಾವಲಿಗಳಿಗೆ ಮೈ ತಣ್ಣಗಾಗಿಸಿಕೊಂಡು ಉಳಿತಾಯ ಮಾಡುವ ವಿದ್ಯೆ ಇದೆಯಲ್ಲ, ಬಾಣಂತನದಲ್ಲಿ ಅದನ್ನೇಕೆ ಬಳಸಬಾರದು? ಬಳಸುತ್ತವೆ, ಆದರೆ ಸಾಲದ ರೂಪದಲ್ಲಿ. ಪಾಲ್ ರೇಸಿ 1973ರಲ್ಲಿ ಬಸುರಿ ಪಿಪಿಸ್ಟ್ರೆಲ್ ಬಾವಲಿಗಳನ್ನು ಆಹಾರವಿಲ್ಲದೆ ತಣ್ಣನೆಯ ಜಾಗದಲ್ಲಿಟ್ಟು ಜಡನಿದ್ದೆಗೆ ಬೀಳುವಂತೆ ಮಾಡಿದಾಗ, ನಿದ್ದೆ ಎಷ್ಟು ದಿನವೋ ಹೆಚ್ಚುಕಡಿಮೆ ಅಷ್ಟೇ ದಿನ ಹೆರಿಗೆ ಮುಂದೆ ಹೋಯಿತು. ಹಾಲೂಡಿಸುವ ತಾಯಿ ಜಡನಿದ್ದೆಗೆ ಜಾರಿದರೆ ಹಾಲಿನ ಉತ್ಪತ್ತಿ ಇಳಿಯುತ್ತದೆ. ಚಳಿ ನಾಡಿನಲ್ಲಿ ಮುಂದೆ ಹೋದ ಎರಡು ವಾರ ಎಂದರೆ ಮರಿಗೆ ಚಳಿಗಾಲದ ಮುಂಚೆ ಕೊಬ್ಬು ಕಟ್ಟಲು ಉಳಿಯದ ಎರಡು ವಾರ.

ತಾಯಂದಿರು ಗುಂಪಾಗಿ ಒಂದೇ ಬೆಚ್ಚನೆಯ ಮೂಲೆಯಲ್ಲಿ ಸೇರುವುದಕ್ಕೆ ಮುಖ್ಯ ಕಾರಣ ಇದೇ. ನೂರಾರು ಮೈಗಳ ಬಿಸಿ ಒಟ್ಟಾದರೆ ಯಾರೂ ಜಡನಿದ್ದೆಗೆ ಹೋಗಬೇಕಿಲ್ಲ, ತಾಯಿ ಬೇಟೆಗೆ ಹೋದಾಗ ಮರಿಗಳು ಒಂದಕ್ಕೊಂದು ಅಂಟಿಕೊಂಡು ಬೆಚ್ಚಗಿರುತ್ತವೆ. ಗುಂಪು ಚಿಕ್ಕದಾದಷ್ಟೂ ತಲಾ ಖರ್ಚು ಏರುತ್ತದೆ. ಹೀಗಾಗಿ ಅಳಿವಿನಂಚಿನ ಗುಂಪಿನಲ್ಲಿ ನೂರು ಬಾವಲಿ ಕಡಿಮೆಯಾದರೆ, ಉಳಿದವುಗಳಿಗೆ ಹುಳ ಹೆಚ್ಚು ಸಿಗುತ್ತದೆ ಎಂದು ಸಮಾಧಾನಪಡುವಂತಿಲ್ಲ.

ಅಳೆಯುವುದು ಹೇಗೆ, ತಪ್ಪುವುದು ಎಲ್ಲಿ

ಕತ್ತಲಲ್ಲಿ ಹಾರುವ 8 ಗ್ರಾಂ ಪ್ರಾಣಿಯ ಖರ್ಚನ್ನು ಅಳೆಯಲು ಬಳಸುವುದು ಎರಡು ಗುರುತಿನ ನೀರು. ಇದರಲ್ಲಿ ಭಾರದ ಹೈಡ್ರೋಜನ್ ಮತ್ತು ಭಾರದ ಆಕ್ಸಿಜನ್ (18ರ ಐಸೋಟೋಪ್) ಎರಡೂ ಇರುತ್ತವೆ. ನೇಥನ್ ಲಿಫ್ಸನ್ ಮತ್ತು ಸಂಗಡಿಗರು 1950ರ ದಶಕದಲ್ಲಿ ರೂಪಿಸಿದ ವಿಧಾನ. ಬಾವಲಿಯನ್ನು ಹಿಡಿದು ಈ ನೀರನ್ನು ಅಳೆದು ಚುಚ್ಚುತ್ತಾರೆ, ಮೈಯ ನೀರಿನಲ್ಲೆಲ್ಲ ಬೆರೆಯಲು ಒಂದು ಗಂಟೆ ಬಟ್ಟೆಚೀಲದಲ್ಲಿ ಬಿಡುತ್ತಾರೆ, ರೆಕ್ಕೆ ಅಥವಾ ಬಾಲಪೊರೆಯ ರಕ್ತನಾಳದಿಂದ ಹನಿ ರಕ್ತವನ್ನು ಗಾಜಿನ ಕೊಳವೆಗೆ ಎಳೆದು ತುದಿಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚುತ್ತಾರೆ. ಒಂದೆರಡು ದಿನದ ನಂತರ ಅದೇ ಬಾವಲಿಯನ್ನು ಮತ್ತೆ ಹಿಡಿದು ಇನ್ನೊಂದು ಹನಿ ತೆಗೆಯಬೇಕು. ಹೈಡ್ರೋಜನ್ ಮೈಯಿಂದ ನೀರಾಗಿ ಮಾತ್ರ ಹೋಗುತ್ತದೆ, ಆಕ್ಸಿಜನ್ ನೀರಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ಇಳಿಕೆಯ ವ್ಯತ್ಯಾಸವೇ ಉಸಿರಾಡಿದ ಡೈಆಕ್ಸೈಡ್. ಹುಳ ತಿನ್ನುವ ಪ್ರಾಣಿಗೆ ಲೀಟರ್‌ಗೆ ಸುಮಾರು 25.7 ಕಿಲೋಜೂಲ್ ಎಂದು ಅದನ್ನು ಶಕ್ತಿಗೆ ಬದಲಾಯಿಸುತ್ತಾರೆ.

ಮರಳಿ ಸಿಗದ ಬಾವಲಿ ಮಾಮೂಲಿ ತಾಪತ್ರಯ. ಬಾಣಂತಿಯಲ್ಲಿ ಮಾತ್ರ ಬರುವ ತೊಡಕು ಇನ್ನೊಂದಿದೆ: ಈ ವಿಧಾನ ಅಳೆಯುವುದು ತಾಯಿ ಸುಟ್ಟ ಶಕ್ತಿಯನ್ನು, ಹಾಲಾಗಿ ಮರಿಗೆ ದಾಟಿಸಿದ್ದನ್ನಲ್ಲ. ಬರೀ ಉಸಿರಿನ ಲೆಕ್ಕ ನೋಡಿದವರಿಗೆ ಬಾಣಂತನ ಅಷ್ಟೇನೂ ದುಬಾರಿಯಲ್ಲ ಎನ್ನಿಸಿಬಿಡಬಹುದು. ಮರಿಯ ಬೆಳವಣಿಗೆಯನ್ನು ಬೇರೆಯಾಗಿ ತೂಗಿ ಹಾಲಿನ ಬಾಬ್ತನ್ನು ಅದಕ್ಕೆ ಸೇರಿಸಲೇಬೇಕು. ಜೊತೆಗೆ ತಾಯಿ ಮರಿಯ ಮೂತ್ರವನ್ನು ನೆಕ್ಕಿದರೆ ಹಾಲಿನಲ್ಲಿ ಹೋದ ಗುರುತಿನ ನೀರು ಅವಳ ಮೈಗೇ ಮರಳಿ ಬರುತ್ತದೆ, ಲೆಕ್ಕ ಸೋರುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನ ಪಾಪಿಟ್, ಸ್ಪೀಕ್‌ಮನ್, ರೇಸಿ ತಂಡ 1993ರಲ್ಲಿ ಸಾಮಾನ್ಯ ಸುಂಡಿಲಿಯ ಮೇಲೆ ಈ ವಿಧಾನವನ್ನೂ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ಅದರ ಉಸಿರಾಟವನ್ನು ನೇರವಾಗಿ ಅಳೆಯುವುದನ್ನೂ ಎದುರುಬದುರು ಇಟ್ಟು ನೋಡಿದ್ದು ಇಂಥ ಅನುಮಾನಗಳಿಂದಲೇ.

ರೇಡಿಯೋ ಟ್ಯಾಗ್ ಕಟ್ಟುವವರು ಮೈತೂಕದ 5% ಮೀರಬಾರದು ಎಂಬ ನಿಯಮ ಪಾಲಿಸುತ್ತಾರೆ. 8 ಗ್ರಾಂ ಬಾವಲಿಗೆ 0.4 ಗ್ರಾಂ. ತುಂಬಿದ ಬಸುರಿಗೆ ಆಗಲೇ ಅದರ ಐದು ಪಟ್ಟು ಹೊರೆ ಇರುತ್ತದೆ, ಅವಳಿಗೆ ಕಟ್ಟದಿರುವುದೇ ವಾಸಿ.

ಅಂಚು ಎಷ್ಟು ತೆಳು

ಇನ್ನು ಒಂದು ಕಾಗದದ ಲೆಕ್ಕ. ಅಂಕಿಗಳು ಸರಳಗೊಳಿಸಿದವು, ಆದರೆ ವಾಸ್ತವಕ್ಕೆ ತೀರ ದೂರವಲ್ಲ. ಹಾಲೂಡಿಸುವ ನಮ್ಮ ಬಾವಲಿ ರಾತ್ರಿ ಐದು ಗಂಟೆ ಹಾರಿ 60 ಕಿಲೋಜೂಲ್ ಗಳಿಸುತ್ತದೆ ಎಂದುಕೊಳ್ಳಿ, ಗಂಟೆಗೆ 12. ಈ ಗಾತ್ರದ ಬಾವಲಿಗೆ ಹಾರಾಟದ ವೆಚ್ಚ ಸುಮಾರು 1.1 ವ್ಯಾಟ್, ಗಂಟೆಗೆ 4 ಕಿಲೋಜೂಲ್. ಗಂಟೆಗೆ ನಿವ್ವಳ 8, ಐದು ಗಂಟೆಗೆ 40. ಹಾಲು, ಮೈಬಿಸಿ, ಜೀರ್ಣಕ್ರಿಯೆ ಎಲ್ಲ ಈ 40ರಲ್ಲಿ ನಡೆಯಬೇಕು.

ಕೀಟಗಳು ಕಾಲು ಭಾಗ ಕಡಿಮೆಯಾದವು. ಗಳಿಕೆ ಗಂಟೆಗೆ 9, ಹಾರಾಟ 4, ನಿವ್ವಳ 5. ಅದೇ 40 ಗಳಿಸಲು ಎಂಟು ಗಂಟೆ ಬೇಕು. ಮೂರನೇ ಒಂದು ಭಾಗ ಕಡಿಮೆಯಾದರೆ ನಿವ್ವಳ 4, ಸಮಯ ಹತ್ತು ಗಂಟೆ. ಅರ್ಧಕ್ಕೆ ಇಳಿದರೆ ನಿವ್ವಳ 2, ಸಮಯ ಇಪ್ಪತ್ತು ಗಂಟೆ. ನ್ಯೂಯಾರ್ಕ್ ಸುತ್ತಮುತ್ತ ಜೂನ್ ರಾತ್ರಿ ಒಂಬತ್ತು ಗಂಟೆಯನ್ನೂ ಮುಟ್ಟುವುದಿಲ್ಲ, ಕರ್ನಾಟಕದಲ್ಲಿ ಹನ್ನೊಂದು. ಅದರ ನಡುವೆ ಒಮ್ಮೆಯಾದರೂ ಮರಳಿ ಬಂದು ಮರಿಗೆ ಉಣಿಸಬೇಕು.

ಕೀಟ ಅರ್ಧವಾದರೆ ಬಾವಲಿ ಅರ್ಧವಾಗುತ್ತದೆ ಎಂಬ ನೇರ ಅನುಪಾತ ಇಲ್ಲಿ ನಡೆಯುವುದಿಲ್ಲ. ಹಾರಾಟದ ವೆಚ್ಚ ಕಡಿತವಾಗದೆ ನಿಂತಿರುವುದರಿಂದ ನಿವ್ವಳ ಗಳಿಕೆ ಕೀಟಗಳಿಗಿಂತ ವೇಗವಾಗಿ ಕುಸಿಯುತ್ತದೆ. ಬಾಣಂತಿಯಲ್ಲದ ಬಾವಲಿ ಇದೇ ಕಡಿತದಲ್ಲಿ ಬದುಕಿಕೊಳ್ಳುತ್ತದೆ, ಹಗಲು ಜಡನಿದ್ದೆಗೆ ಜಾರಿ ನಾಳೆಯ ದಾರಿ ನೋಡುತ್ತದೆ. ಹೊರಗಿನಿಂದ ಎಣಿಸುವವರಿಗೆ ಗುಂಪು ಗಟ್ಟಿಯಾಗಿಯೇ ಕಾಣುತ್ತದೆ, ಮರಿಗಳು ಮಾತ್ರ ಬೆಳೆದಿರುವುದಿಲ್ಲ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ 76% ಇಳಿದಿದೆ ಎಂದು 2017ರಲ್ಲಿ ಪ್ರಕಟವಾದಾಗ ಸುದ್ದಿಯಾದದ್ದು ಕೀಟಗಳ ಬಗ್ಗೆ. ಮೇಲಿನ ಲೆಕ್ಕದ ಪಕ್ಕ ಅದನ್ನಿಟ್ಟು ನೋಡಿದರೆ ಬಾಣಂತಿ ಬಾವಲಿಯ ಬಗ್ಗೆಯೂ ಅದು ಸುದ್ದಿಯೇ.

ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ ಎಂಬ ಜನಪ್ರಿಯ ಮಾತನ್ನು ಈ ಲೆಕ್ಕದೊಳಗೆ ತರಬೇಡಿ. ಕೋಣೆಯೊಳಗೆ ಸೊಳ್ಳೆ ತುಂಬಿಸಿ ಕೆಲವು ನಿಮಿಷ ನೋಡಿದ 1960ರ ಪ್ರಯೋಗದ ವೇಗವನ್ನು ಗಂಟೆಗಳಿಗೆ ಎಳೆದು ಹುಟ್ಟಿದ ಮಾತು ಅದು. ಎರಡು ಮಿಲಿಗ್ರಾಂ ಸೊಳ್ಳೆಯಲ್ಲೇ 9.9 ಗ್ರಾಂ ತುಂಬಿಸಬೇಕಾದರೆ ಸುಮಾರು 5,000 ಸೊಳ್ಳೆ ಬೇಕು. ಆಯ್ಕೆ ಇದ್ದರೆ ಬಾಣಂತಿಗೆ ಬೇಕಾಗುವುದು ಕೊಬ್ಬಿರುವ ಪತಂಗ, ಜೀರುಂಡೆ, ರೆಕ್ಕೆಗೆದ್ದಲು. ಬಾವಲಿಗಳು ಪತಂಗದ ರೆಕ್ಕೆ, ತಲೆ, ಕಾಲು ಕತ್ತರಿಸಿ ಬಿಸಾಡಿ ಹೊಟ್ಟೆಯ ಭಾಗವನ್ನಷ್ಟೇ ತಿನ್ನುವುದುಂಟು. ಪತಂಗದ ಕೊಬ್ಬು ಇರುವುದು ಅಲ್ಲೇ.

ಕ್ಯಾಲರಿಯ ಆಚೆ

ಹುಳ ಬೇಕಾದಷ್ಟಿದ್ದರೂ ಎಡವಲು ಇನ್ನೂ ಮೂರು ಕಡೆ ಇದೆ.

ಮೊದಲನೆಯದು ಸುಣ್ಣ, ಅಂದರೆ ಕ್ಯಾಲ್ಸಿಯಂ. ಕೀಟಗಳ ಮೈಯಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಅತ್ಯಲ್ಪ. ಹಾರಲು ಗಟ್ಟಿಯಾದ ಎಲುಬೇ ಬೇಕು, ಮೃದ್ವಸ್ಥಿ ಸಾಲದು. ತಾಯಿ ತನ್ನ ಎಲುಬಿನಿಂದ ಕ್ಯಾಲ್ಸಿಯಂ ತೆಗೆದು ಹಾಲಿಗೆ ಹಾಕುತ್ತಾಳೆ. ಬಹುತೇಕ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದಕ್ಕೆ ಶಕ್ತಿಗಿಂತ ಕ್ಯಾಲ್ಸಿಯಮ್ಮೇ ಕಾರಣವಿರಬಹುದು ಎಂದು ರಾಬರ್ಟ್ ಬಾರ್ಕ್ಲೆ 1994ರಲ್ಲಿ ವಾದಿಸಿದರು. ಅದೇ ಗಾತ್ರದ ಸುಂಡಿಲಿ ಆರೇಳು ಮರಿ ಸಾಕುವುದನ್ನು ನೋಡಿದರೆ ಆ ವಾದದಲ್ಲಿ ತೂಕವಿದೆ ಎನ್ನಿಸುತ್ತದೆ.

ಎರಡನೆಯದು ನೀರು. ಅಮೆರಿಕದ ಕೊಲೊರಾಡೊದಲ್ಲಿ ಆಡಮ್ಸ್ ಮತ್ತು ಹೇಸ್ 2008ರಲ್ಲಿ ವರದಿ ಮಾಡಿದ್ದು: ಹಾಲೂಡಿಸುವ ಬಾವಲಿಗಳು ಮರಿಯಿಲ್ಲದವಕ್ಕಿಂತ 13 ಪಟ್ಟು ಹೆಚ್ಚು ಸಲ ನೀರಿಗೆ ಬಂದವು. ಬಾವಲಿ ಕೂತು ನೀರು ಕುಡಿಯುವುದಿಲ್ಲ, ಹಾರುತ್ತಲೇ ನೀರಿನ ಮೈ ಸವರಿ ಬಾಯಿಗೆಳೆದುಕೊಳ್ಳುತ್ತದೆ. ಅದಕ್ಕೆ ಅಡೆತಡೆಯಿಲ್ಲದ ತೆರೆದ ನೀರಿನ ಪಟ್ಟಿ ಬೇಕು. ದಂಡೆಯಿಂದ ದಂಡೆಗೆ ಅಂತರಗಂಗೆ ಮುಚ್ಚಿದ ಕೆರೆ ನಕ್ಷೆಯಲ್ಲಿ ಕೆರೆ, ಬಾಣಂತಿ ಬಾವಲಿಗೆ ಅಲ್ಲ.

ಮೂರನೆಯದು ಬಿಸಿ, ಈ ಸಲ ಹೆಚ್ಚಾದ ಬಿಸಿ. ಹಾಲು ಉತ್ಪತ್ತಿ ಮಾಡುವ ಮೈ ತಾನೇ ಕಾವೇರುತ್ತದೆ, ಆ ಕಾವನ್ನು ಹೊರಹಾಕಲಾಗದಿದ್ದರೆ ತಾಯಿ ತಿನ್ನುವುದನ್ನೂ ಹಾಲನ್ನೂ ಕಡಿಮೆ ಮಾಡುತ್ತಾಳೆ. ಕ್ರೂಲ್ ಮತ್ತು ಸ್ಪೀಕ್‌ಮನ್ ಇದನ್ನು ತೋರಿಸಿದ್ದು ಪ್ರಯೋಗಾಲಯದ ಬಾಣಂತಿ ಇಲಿಗಳಲ್ಲಿ: ಬೆನ್ನಿನ ಕೂದಲು ಬೋಳಿಸಿದಾಗ ಅವು ಹೆಚ್ಚು ತಿಂದವು, ಸುಮಾರು 15% ಹೆಚ್ಚು ಹಾಲು ಕೊಟ್ಟವು. ಬಾವಲಿಗೆ ರೆಕ್ಕೆಯ ಬೋಳು ಪೊರೆ ಇದೆ ನಿಜ, ಆದರೆ ಹಗಲು ಅದನ್ನು ಮಡಚಿಕೊಂಡು ಇಕ್ಕಟ್ಟಿನಲ್ಲಿ ಕೂತಿರುತ್ತದೆ. ತಗಡಿನ ಸೂರಿನ ಕೆಳಗೆ, ಪಶ್ಚಿಮದ ಬಿಸಿಲಿಗೆ ಒಡ್ಡಿದ ಕಪ್ಪು ಬಣ್ಣದ ಬಾವಲಿಪೆಟ್ಟಿಗೆಯೊಳಗೆ (ಬಾವಲಿಗಳು ತಂಗಲೆಂದು ಜನ ಇಡುವ ಪೆಟ್ಟಿಗೆ) ಉಷ್ಣತೆ 40 ಡಿಗ್ರಿ ದಾಟಿದರೆ ಮರಿಗಳು ಉದುರುತ್ತವೆ. ಇಂಟರ್ನೆಟ್‌ನಲ್ಲಿ ಸಿಗುವ ಪೆಟ್ಟಿಗೆಯ ನಕ್ಷೆಗಳು ಬಹುಪಾಲು ಚಳಿ ದೇಶದವು. ಕಪ್ಪು ಬಳಿಯಿರಿ, ದಿನಕ್ಕೆ ಆರು ಗಂಟೆ ಬಿಸಿಲು ಬೀಳಲಿ ಎಂಬ ಸಲಹೆ ಅಲ್ಲಿಯದು. ಬಳ್ಳಾರಿ, ರಾಯಚೂರಿನಲ್ಲಿ ಹಾಗೆ ಮಾಡಿದರೆ ಪೆಟ್ಟಿಗೆ ಒಲೆಯಾಗುತ್ತದೆ. ತಿಳಿಬಣ್ಣ, ಪೂರ್ವದ ಮುಖ, ಮಧ್ಯಾಹ್ನದ ನೆರಳು, ಒಳಗೆ ಮೇಲೆ ಕೆಳಗೆ ಸರಿಯಲು ಎತ್ತರದ ಜಾಗ: ಇಲ್ಲಿಗೆ ಬೇಕಾದದ್ದು ಇದು.

ನಮ್ಮಲ್ಲಿ ಮುಹೂರ್ತ ನೋಡುವುದು

ಭಾರತದ ಹಲವು ಕೀಟಾಹಾರಿ ಬಾವಲಿಗಳು ಬಾಣಂತನವನ್ನು ಮಳೆಗಾಲದ ಹುಳದ ಸುಗ್ಗಿಗೆ ಹೊಂದಿಸಿಕೊಂಡಿವೆ. ಅದಕ್ಕಾಗಿ ಅವು ಹೂಡುವ ಉಪಾಯಗಳನ್ನು ನಾಗಪುರ, ವಾರಾಣಸಿ, ಮದುರೆಯ ವಿಜ್ಞಾನಿಗಳು ದಶಕಗಟ್ಟಲೆ ಬಿಡಿಸಿದ್ದಾರೆ. ಹಳದಿ ಹೊಟ್ಟೆಯ ದೊಡ್ಡ ಮನೆಬಾವಲಿಯಲ್ಲಿ ಕೂಡುವುದು ಚಳಿಗಾಲ ಕಳೆಯುವ ಹೊತ್ತಿಗೆ, ಅಂಡ ಬಿಡುಗಡೆಯಾಗುವುದು ಮಾರ್ಚ್‌ನಲ್ಲಿ, ಅಲ್ಲಿಯವರೆಗೆ ವೀರ್ಯ ಹೆಣ್ಣಿನ ಮೈಯಲ್ಲೇ ಕಾಯುತ್ತದೆ. ಹೆರಿಗೆ ಜುಲೈ ಸುಮಾರಿಗೆ. ಮಳೆ ಮೂರು ವಾರ ತಡವಾದರೆ ಈ ಗಡಿಯಾರವನ್ನು ಅದು ನಿಲ್ಲಿಸಲಾರದು. ಬಸಿರು ನಿಂತ ಮೇಲೆ ದಿನಾಂಕ ಹೆಚ್ಚುಕಡಿಮೆ ಗೊತ್ತಾದಂತೆಯೇ. ಇದಕ್ಕೆ ವಿರುದ್ಧವಾಗಿ, ಮನೆಗಳ ಸಂದಿಯಲ್ಲಿರುವ ಚಿಕ್ಕ ಪಿಪಿಸ್ಟ್ರೆಲ್‌ಗಳು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುತ್ತವೆ.

ಎಲೆಮೂಗಿನ ಬಾವಲಿಗಳಲ್ಲಿ ತಾಯಿಯ ಕಿಬ್ಬೊಟ್ಟೆಯ ಕೆಳಗೆ ಹಾಲಿಲ್ಲದ ಎರಡು ಹುಸಿಮೊಲೆಗಳಿವೆ. ತಾಯಿ ಮರಿಯನ್ನು ಹೊತ್ತು ಹಾರುವಾಗ ಮರಿ ತಾಯಿಯ ಬಾಲದ ಕಡೆ ತಲೆ ಮಾಡಿ ಅವುಗಳನ್ನು ಕಚ್ಚಿಕೊಂಡಿರುತ್ತದೆ. ಹಾಲು ಕುಡಿಯಬೇಕಾದಾಗ ತಿರುಗಿ ಎದೆಯ ಮೊಲೆಗೆ ಬರುತ್ತದೆ. ಗುಹೆಗೆ ಟಾರ್ಚು ಹಿಡಿದು ಜನ ನುಗ್ಗಿದಾಗ ಗಾಬರಿಯಲ್ಲಿ ಹಾರುವ ತಾಯಿ ಅರ್ಧ ಗಂಟೆಯಲ್ಲಿ ಕಳೆದುಕೊಳ್ಳುವುದು ಬರೀ 2 ಕಿಲೋಜೂಲ್, ಅದನ್ನು ತುಂಬಿಕೊಳ್ಳಬಹುದು. ದೊಡ್ಡ ನಷ್ಟವೆಂದರೆ ಹಿಡಿತ ತಪ್ಪಿ ನೆಲಕ್ಕೆ ಬಿದ್ದ ಮರಿ, ಚದುರಿ ತಣ್ಣಗಾದ ಗುಂಪು, ಜಾಗವನ್ನೇ ಬಿಟ್ಟುಹೋಗುವ ಬಾಣಂತಿಯರು.

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಇದು ದೂರದ ಮಾತಲ್ಲ. 1994ರಲ್ಲಿ ಹೊಸ ಜಾತಿಯೆಂದು ವಿವರಿಸಲಾದ ಕೋಲಾರದ ಎಲೆಮೂಗಿನ ಬಾವಲಿ ಇವತ್ತು ಉಳಿದಿರುವುದು ಅಲ್ಲೊಂದೇ ಕಡೆ. ಸಂಖ್ಯೆ 200ಕ್ಕಿಂತ ಕಡಿಮೆ ಎಂಬ ಅಂದಾಜು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಪಾಯದ ವರ್ಗದಲ್ಲಿದೆ. ಗ್ರಾನೈಟ್ ಗಣಿಗಾರಿಕೆ ಬಂಡೆಯವರೆಗೆ ಬಂದಿತ್ತು. ಗುಹೆಗಳ ಸುತ್ತ 30 ಎಕರೆ ರಕ್ಷಿಸಲು ಸರ್ಕಾರ ಮುಂದಾದದ್ದು ಒಳ್ಳೆಯ ಕೆಲಸವೇ. ಆದರೆ 30 ಎಕರೆ ಗೂಡಿಗೆ ಸಾಕು, ಬಾಣಂತನಕ್ಕೆ ಸಾಲದು. ಸಂಜೆ ಹೊರಟ ತಾಯಿ ಹುಳ ಹಿಡಿಯುವ ಕುರುಚಲು, ಹೊಲದಂಚು, ಕೆರೆ ಆ ಬೇಲಿಯ ಹೊರಗೂ ಇವೆ. 200ರಲ್ಲಿ ಅರ್ಧ ಹೆಣ್ಣು, ಅವುಗಳಲ್ಲಿ ಎಂಬತ್ತು ಹೆರುವ ವಯಸ್ಸಿನವು ಎಂದು ಹಿಡಿದರೆ, ತಲಾ ಒಂದರಂತೆ ವರ್ಷಕ್ಕೆ ಎಂಬತ್ತು ಮರಿ ಮೇಲ್ಮಿತಿ. ಒಂದು ಜೂನ್ ಕೆಟ್ಟರೆ ಮುಂದಿನ ವರ್ಷ ನೂರರವತ್ತು ಹಾಕಿ ಸರಿದೂಗಿಸುವ ಹಾಗಿಲ್ಲ. ಸುಂಡಿಲಿಗಾದರೆ ಆ ಅವಕಾಶವಿದೆ, ವರ್ಷದಲ್ಲಿ ಎರಡು ಮೂರು ಸೂಲು ಮರಿ ಹಾಕುತ್ತದೆ. ಬೆಳಗಾವಿ ಜಿಲ್ಲೆಯ ಬಾರಾಪೆಡೆ ಗುಹೆಯ ರಾಟನ್ ಬಾವಲಿಯ ಸ್ಥಿತಿ ಸ್ವಲ್ಪ ವಾಸಿ, ಗುಹೆಯ ಸುತ್ತ ಭೀಮಗಡ ಅಭಯಾರಣ್ಯದ ಕಾಡಿದೆ.

ಬೆಳಕಿನ ಬಗ್ಗೆ ಹಂಗೇರಿಯಲ್ಲಿ ನಡೆದ ಅಧ್ಯಯನ ಕಣ್ಣು ತೆರೆಸುವಂಥದ್ದು. ಹೊರಗಿನಿಂದ ದೀಪ ಹಾಕಿದ ಕಟ್ಟಡಗಳಲ್ಲಿ ಬಾವಲಿಗಳು ತಡವಾಗಿ ಹೊರಟವು, ಅಲ್ಲಿನ ಮರಿಗಳು ಕತ್ತಲ ಕಟ್ಟಡದ ಮರಿಗಳಿಗಿಂತ ಚಿಕ್ಕದಾಗಿದ್ದವು. ಮುಸ್ಸಂಜೆಯಲ್ಲಿ ಸಣ್ಣ ಹುಳಗಳು ದಟ್ಟವಾಗಿ ಹಾರುವ ಹೊತ್ತು ಕೈತಪ್ಪಿದರೆ ಉಳಿದ ರಾತ್ರಿ ಅದನ್ನು ತುಂಬಿಕೊಡುವುದಿಲ್ಲ. ಹಳೆಯ ಗುಡಿ, ಕೋಟೆಗಳಿಗೆ ಬಣ್ಣದ ದೀಪ ಹಾಕುವವರು ಬಾವಲಿ ಹೊರಬೀಳುವ ಕಿಂಡಿಯ ಕಡೆಗೆ ದೀಪ ತಿರುಗಿಸದಿದ್ದರೆ, ಕತ್ತಲಾದ ಮೊದಲ ಒಂದು ಗಂಟೆ ಆ ಬದಿಯನ್ನು ಆರಿಸಿದರೆ ಖರ್ಚೇನೂ ಇಲ್ಲ.

ಮನೆಯ ಅಟ್ಟದಿಂದ ಬಾವಲಿಗಳನ್ನು ಹೊರಗೆ ಕಳಿಸಬೇಕೆನ್ನುವವರು ಮೊದಲು ಮರಿ ಇದೆಯೇ ನೋಡಬೇಕು. ಪಿಪಿಸ್ಟ್ರೆಲ್‌ಗಳಿಗೆ ತಿಂಗಳ ಲೆಕ್ಕ ನಂಬುವಂತಿಲ್ಲ. ದೊಡ್ಡವು ಹೊರಟ ಮುಕ್ಕಾಲು ಗಂಟೆಯ ನಂತರ ಸಂದಿಯ ಹತ್ತಿರ ಕಿವಿಗೊಡಿ. ಒಳಗೆ ಚಿಲಿಪಿಲಿ ಕೇಳಿದರೆ ಮರಿಗಳಿವೆ. ಆಗ ಸಂದಿ ಮುಚ್ಚಿದರೆ ಮರಿಗಳು ಒಳಗೇ ಸತ್ತು ನಾರುತ್ತವೆ, ತಾಯಂದಿರು ದಾರಿ ಹುಡುಕುತ್ತ ಕೋಣೆಯೊಳಗೆ ಬರುತ್ತಾರೆ. ಸದ್ದು ನಿಲ್ಲುವವರೆಗೆ ಕಾದು, ನಂತರ ಕಿಂಡಿಯ ಮೇಲಂಚಿಗೆ ಸಣ್ಣಕಣ್ಣಿನ ಬಲೆಯನ್ನು ಬಿಗಿದು ಕೆಳಗೆ ಅರ್ಧ ಮೀಟರ್‌ನಷ್ಟು ಸಡಿಲವಾಗಿ ಇಳಿಬಿಡಬೇಕು. ಹೊರಹೋಗುವವು ಬಲೆಯ ಕೆಳಗಿನಿಂದ ಜಾರುತ್ತವೆ, ಮರಳುವವು ನೇರ ಕಿಂಡಿಗೆ ಬಂದು ದಾರಿ ಸಿಗದೆ ಬೇರೆಡೆ ಹೋಗುತ್ತವೆ. ವಾರ ಕಳೆದು ಯಾವುದೂ ಹೊರಬೀಳದಿದ್ದರೆ ಗಾರೆ ಹಾಕಬಹುದು.

ಗುಹೆಯ ಬಾಯಲ್ಲಿ ಬಾವಲಿ ಎಣಿಸುವ ಕೆಲಸ ನಡೆಯುವ ಕಡೆಗಳಲ್ಲಿ ಒಂದು ಬದಲಾವಣೆ ಸಾಕು. ವರ್ಷಕ್ಕೊಂದು ಎಣಿಕೆಯ ಬದಲು ಎರಡು: ಮರಿಗಳು ಹಾರುವುದಕ್ಕೆ ಮುಂಚೆ ಒಂದು, ಹಾರತೊಡಗಿದ ಎರಡು ವಾರಕ್ಕೆ ಇನ್ನೊಂದು, ಎರಡೂ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ, ಒಳಗೆ ಕಾಲಿಡದೆ. ಎರಡರ ಅಂತರವೇ ಆ ವರ್ಷ ಹಾಲು ಸಾಲಿತೇ ಎಂಬುದಕ್ಕೆ ಹತ್ತಿರದ ಅಳತೆ. ಹೇರಳವಾಗಿರುವ ಜಾತಿಗಳಲ್ಲಿ ಕೆಲವನ್ನು ಹಿಡಿದು ನೋಡಬಹುದು: ರೆಕ್ಕೆಯನ್ನು ದೀಪಕ್ಕೆ ಅಡ್ಡ ಹಿಡಿದರೆ ಎಳೆಯವುಗಳ ಬೆರಳಗಂಟಿನಲ್ಲಿ ಮೃದ್ವಸ್ಥಿಯ ಬೆಳಕು ತೂರುವ ಪಟ್ಟಿ ಕಾಣುತ್ತದೆ, ಅದು ಇರುವ ಬಾವಲಿಗಳ ಮುಂಗೈ ಉದ್ದ ಅಳೆದು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಬರಗಾಲದ ಬಾಣಂತನ ಮಿಲಿಮೀಟರಿನಲ್ಲಿ ದಾಖಲಾಗುತ್ತದೆ. ಹನುಮನಹಳ್ಳಿಯಲ್ಲಿ ಮಾತ್ರ ಕ್ಯಾಮೆರಾ ಸಾಕು, ಬಲೆ ಬೇಡ.